ಬಿಗಿ ಮಾಡಿದಷ್ಟೂ ಸೋರುವ ಮಾಸ್ಕ್

ದಾವಣಗೆರೆಯ ಮಂಡಿಪೇಟೆ ಕಡೆ ನನ್ನದೊಂದು ರಿಪೇರಿ ಅಂಗಡಿ ಇದೆ. ಕುಕ್ಕರ್, ಮಿಕ್ಸಿ, ಗ್ಯಾಸ್ ಒಲೆ, ಇಷ್ಟೇ ಕೆಲಸ. ವಾರಕ್ಕೆ ಹತ್ತು ಜನರಾದರೂ ಕುಕ್ಕರ್ ಹಿಡಿದುಕೊಂಡು ಬಂದು ಒಂದೇ ಮಾತು ಹೇಳುತ್ತಾರೆ: "ಅಣ್ಣಾ, ಸೈಡಲ್ಲೆಲ್ಲ ಹಬೆ ಹೋಗ್ತೈತಿ, ಕೂಗೋದೇ ಇಲ್ಲ." ಬರುವ ಮುಂಚೆ ಮನೆಯಲ್ಲೇ ಏನಾದರೊಂದು ಸಾಹಸ ಆಗಿರುತ್ತದೆ. ಗ್ಯಾಸ್ಕೆಟ್ ಕೆಳಗೆ ದಾರ ಸುತ್ತಿರುತ್ತಾರೆ, ಇಲ್ಲ ಹಿಡಿಯ ಸ್ಕ್ರೂ ಮುರಿಯುವಷ್ಟು ತಿರುಗಿಸಿರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು: ಗ್ಯಾಸ್ಕೆಟ್ ಕೂರುವುದು ನೀವು ಬಿಗಿ ಮಾಡಿದ್ದಕ್ಕಲ್ಲ, ಒಳಗಿನ ಹಬೆ ಅದನ್ನು ಅಂಚಿಗೆ ಒತ್ತುವುದಕ್ಕೆ. ಅದು ಮೆತ್ತಗಿರಬೇಕು, ಸರಿಯಾದ ಸೈಜ್ ಇರಬೇಕು, ಸೊಟ್ಟ ಕೂತಿರಬಾರದು. ಉಳಿದಿದ್ದನ್ನು ಹಬೆ ನೋಡಿಕೊಳ್ಳುತ್ತದೆ.

ಇಪ್ಪತ್ತು ವರ್ಷದಿಂದ ಊರಿಗೆಲ್ಲ ಇದನ್ನೇ ಹೇಳುತ್ತಾ ಬಂದವನು, ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ರಾತ್ರಿಯಿಡೀ ಗಾಳಿ ಊದುವ ಸಿಪ್ಯಾಪ್ ಮೆಷಿನ್ ಇದೆಯಲ್ಲ, ಅದರ ಮಾಸ್ಕ್ ನನ್ನ ಮುಖಕ್ಕೇ ಬಂದಾಗ ಮೂರು ವಾರ ಅದೇ ಪೆದ್ದುತನ ಮಾಡಿದೆ. ಸೋರುತ್ತಿದೆ ಅಂತ ಪಟ್ಟಿ ಎಳೆದೆ. ಇನ್ನೂ ಸೋರಿತು. ಇನ್ನೂ ಎಳೆದೆ. ರಾತ್ರಿ ಎರಡೂವರೆಗೆ ಎಡಗಣ್ಣಿಗೆ ಸಣ್ಣಗೆ ತಣ್ಣನೆ ಗಾಳಿ ಹೊಡೆಯುತ್ತಿದೆ, ಮೂಗಿನ ದಿಂಡು ಉರಿಯುತ್ತಿದೆ, ಪಕ್ಕದಲ್ಲಿ ಹೆಂಡತಿ ಎದ್ದು ಕೂತು, "ರೀ, ಸೈಕಲ್ ಪಂಚರ್ ಆದಂಗೆ ಸುಯ್ ಅಂತೈತಿ, ಇದಕ್ಕಿಂತ ನಿಮ್ಮ ಗೊರಕೆನೇ ವಾಸಿ ಇತ್ತು ನೋಡ್ರಿ" ಅಂತಿದ್ದಾಳೆ. ಕಿತ್ತು ಬಿಸಾಕಿ ಮಲಗಿದೆ. ಬೆಳಗ್ಗೆ ಕನ್ನಡಿಯಲ್ಲಿ ನೋಡಿದರೆ ಕೆನ್ನೆ ಮೇಲೆ ಎರಡು ಗೆರೆ, ಮೂಗಿನ ಮೇಲೆ ಕೆಂಪು ಬೊಟ್ಟು. ಅಂಗಡಿಗೆ ಬಂದವರೆಲ್ಲ "ಏನಣ್ಣ, ಬಿದ್ರಾ?" ಅಂತ ಕೇಳುವವರೇ.

ಮಾಸ್ಕ್ ಯಾಕೆ ಬೇಕು ಅನ್ನುವುದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ನಿದ್ದೆ ಬಂದಾಗ ಮೈಯೆಲ್ಲ ಸಡಿಲ ಆದಂತೆ ಗಂಟಲ ಸ್ನಾಯುಗಳೂ ಸಡಿಲ ಆಗುತ್ತವೆ. ಕೆಲವರಿಗೆ ನಾಲಿಗೆಯ ಬುಡ, ಗಂಟಲ ಹಿಂದಿನ ಮೆತ್ತನೆ ಭಾಗ ಎಲ್ಲ ಕುಸಿದು ಗಾಳಿ ಹೋಗುವ ದಾರಿಯೇ ಮುಚ್ಚಿಕೊಳ್ಳುತ್ತದೆ. ಎದೆ ಉಸಿರು ಎಳೆಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಹೀಗೆ 10 ಸೆಕೆಂಡ್ ಅಥವಾ ಜಾಸ್ತಿ ನಿಂತರೆ ಅದನ್ನು ಒಂದು ಅಪ್ನಿಯ ಅಂತ ಲೆಕ್ಕ ಹಾಕುತ್ತಾರೆ. ಮಿದುಳು ಗಾಬರಿಯಿಂದ ನಿಮ್ಮನ್ನು ಅರ್ಧ ಎಬ್ಬಿಸುತ್ತದೆ, ಗಂಟಲು ಬಿಚ್ಚಿಕೊಳ್ಳುತ್ತದೆ, ಗೊರ್ ಅಂತ ಒಂದು ಉಸಿರು, ಮತ್ತೆ ನಿದ್ದೆ, ಮತ್ತೆ ಮುಚ್ಚಿಕೊಳ್ಳುವುದು. ಬೆಳಗ್ಗೆ ನಿಮಗೆ ಒಂದೂ ನೆನಪಿರುವುದಿಲ್ಲ. ಪೂರ್ತಿ ನಿಂತಿದ್ದು, ಅರ್ಧಂಬರ್ಧ ನಿಂತಿದ್ದು ಎಲ್ಲ ಸೇರಿ ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ನನ್ನದು 41 ಬಂದಿತ್ತು. ಮಧ್ಯಾಹ್ನ ಕೌಂಟರ್ ಮೇಲೆ ತಲೆ ಇಟ್ಟು ಮಲಗುತ್ತಿದ್ದುದು, ಚಿಕ್ಕ ವಯಸ್ಸಿಗೇ ಬಿಪಿ ಮಾತ್ರೆ ಎರಡಾಗಿದ್ದು, ಹರಿಹರ ರೋಡಲ್ಲಿ ಸ್ಕೂಟರ್ ಮೇಲೆ ಕಣ್ಣು ಎಳೆಯುತ್ತಿದ್ದುದು, ಎಲ್ಲದಕ್ಕೂ ಆಗ ಅರ್ಥ ಸಿಕ್ಕಿತು.

ಸಿಪ್ಯಾಪ್ ಮೆಷಿನ್ ಮಾಡುವ ಕೆಲಸ ತುಂಬಾ ಸರಳ. ಗಾಳಿಯನ್ನು ಸ್ವಲ್ಪ ಒತ್ತಡದಲ್ಲಿ ಒಳಗೆ ಕಳಿಸುತ್ತಾ ಇರುತ್ತದೆ, ಆ ಗಾಳಿಯೇ ಗಂಟಲು ಕುಸಿಯದ ಹಾಗೆ ಒಳಗಿಂದ ತಡೆದು ನಿಲ್ಲಿಸುತ್ತದೆ. ಇದನ್ನು ಕಂಡುಹಿಡಿದವರು ಆಸ್ಟ್ರೇಲಿಯಾದ ಕಾಲಿನ್ ಸಲಿವನ್. 1981ರಲ್ಲಿ ಐದು ರೋಗಿಗಳ ಮೇಲೆ ಮಾಡಿದ ಪ್ರಯೋಗವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅದಕ್ಕೂ ಮುಂಚೆ ಕಾಯಿಲೆ ತೀರಾ ಜಾಸ್ತಿ ಇದ್ದವರಿಗೆ ಗಂಟಲಲ್ಲಿ ತೂತು ಮಾಡುವುದೇ ದಾರಿ ಆಗಿತ್ತು. ಶುರುವಿನ ದಿನಗಳಲ್ಲಿ ಮಾಸ್ಕನ್ನು ಮೂಗಿಗೆ ಸಿಲಿಕಾನ್ ಅಂಟು ಹಾಕಿ ಪ್ರತಿ ರಾತ್ರಿ ಅಂಟಿಸುತ್ತಿದ್ದರಂತೆ, ಬೆಳಗ್ಗೆ ಕೀಳುತ್ತಿದ್ದರಂತೆ. ಅದನ್ನು ಓದಿದ ಮೇಲೆ ನನ್ನ ಪಟ್ಟಿ ಬಗ್ಗೆ ದೂರುವುದು ಸ್ವಲ್ಪ ಕಡಿಮೆ ಮಾಡಿದೆ.

ಈಗ ಅಸಲು ವಿಷಯ. ಆ ಒತ್ತಡ ಎಷ್ಟು? ಮೆಷಿನ್‌ನಲ್ಲಿ 4ರಿಂದ 20ರವರೆಗೆ ಒಂದು ಸಂಖ್ಯೆ ಇರುತ್ತದೆ. ಅದು ನೀರಿನ ಸೆಂಟಿಮೀಟರ್ ಲೆಕ್ಕ. ಒಂದು ಚೊಂಬಿನಲ್ಲಿ ನೀರು ತುಂಬಿ, ಎಳನೀರಿನ ಸ್ಟ್ರಾ ಒಂದನ್ನು 10 ಸೆಂಟಿಮೀಟರ್ ಆಳಕ್ಕೆ ಇಳಿಸಿ ಊದಿ. ತುದಿಯಲ್ಲಿ ಗುಳ್ಳೆ ಬರಲು ಎಷ್ಟು ದಮ್ಮು ಬೇಕೋ ಅಷ್ಟೇ ನಿಮ್ಮ ಮಾಸ್ಕ್ ಒಳಗಿನ ಒತ್ತಡ. ಮಕ್ಕಳು ಆಟಕ್ಕೆ ಮಾಡುವ ಕೆಲಸ. ಕುಕ್ಕರ್ ಕೂಗುವಾಗ ಒಳಗೆ ಇರುವುದು ಸುಮಾರು 1000 ಸೆಂಟಿಮೀಟರ್, ಅಂದರೆ ಇದರ ನೂರರಷ್ಟು! ಅಷ್ಟು ಒತ್ತಡವನ್ನೇ ಒಂದು ಮೆತ್ತನೆ ರಬ್ಬರ್ ಬಳೆ ತಡೆಯುತ್ತದೆ ಅಂದಮೇಲೆ, ಇದನ್ನು ತಡೆಯಲು ಮುಖ ಜಜ್ಜಬೇಕಾ?

ಇನ್ನೂ ಒಂದು ಲೆಕ್ಕ ಮಾಡೋಣ. 10 ಸೆಂಟಿಮೀಟರ್ ನೀರಿನ ಒತ್ತಡ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 10 ಗ್ರಾಂ. ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕ್ ಅಂದಾಜು 50 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಆಗ ಗಾಳಿ ಆ ಮಾಸ್ಕನ್ನು ಮುಖದಿಂದ ಹೊರಗೆ ತಳ್ಳುವ ಬಲ ಅರ್ಧ ಕೆಜಿ, ಒಂದು ಸಣ್ಣ ಸಕ್ಕರೆ ಪೊಟ್ಟಣದ ಭಾರ. ಪಟ್ಟಿಗಳು ತಡೆಯಬೇಕಾಗಿರುವುದು ಅಷ್ಟನ್ನು ಮಾತ್ರ. ಮೂಗಿಗೆ ಮಾತ್ರ ಹಾಕುವ ಮಾಸ್ಕಿಗೆ ಇದಕ್ಕಿಂತ ಎಷ್ಟೋ ಕಡಿಮೆ ಸಾಕು. ಈ ಲೆಕ್ಕವನ್ನು ನಾನು ಒಂದು ಬಿಲ್ಲಿನ ಹಿಂದೆ ಬರೆದು ನೋಡಿದ ದಿನವೇ ನನಗೆ ನಗು ಬಂದಿದ್ದು. ಅರ್ಧ ಕೆಜಿಯನ್ನು ತಡೆಯಲು ನಾನು ಗೋಣಿಚೀಲ ಕಟ್ಟುವಷ್ಟು ಬಿಗಿದಿದ್ದೆ.

ಬಿಗಿದರೆ ಯಾಕೆ ಇನ್ನೂ ಸೋರುತ್ತದೆ ಅಂತ ನೋಡಬೇಕಾದರೆ ಮಾಸ್ಕಿನ ಕುಶನ್ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ. ಬಹಳಷ್ಟು ಸಿಲಿಕಾನ್ ಕುಶನ್‌ಗಳಲ್ಲಿ ಎರಡು ಪದರ ಕಾಣುತ್ತದೆ. ಒಳಗಿನದು ಸ್ವಲ್ಪ ದಪ್ಪ, ಅದು ಆಸರೆಗೆ. ಹೊರಗಿನದು ಈರುಳ್ಳಿ ಸಿಪ್ಪೆಯಷ್ಟು ತೆಳು, ಅಂಚು ಒಳಕ್ಕೆ ಮಡಚಿಕೊಂಡಿರುತ್ತದೆ. ಮೆಷಿನ್ ಗಾಳಿ ಬಿಟ್ಟಾಗ ಈ ಎರಡರ ಮಧ್ಯೆ ಗಾಳಿ ನುಗ್ಗಿ ತೆಳು ಪದರವನ್ನು ಉಬ್ಬಿಸಿ ನಿಮ್ಮ ಚರ್ಮಕ್ಕೆ ಮೆಲ್ಲಗೆ ಒತ್ತುತ್ತದೆ. ಮೂಗಿನ ಏರು, ಕೆನ್ನೆಯ ಇಳಿಜಾರು, ಎಲ್ಲ ಕಡೆ ತಾನೇ ಹೊಂದಿಕೊಳ್ಳುತ್ತದೆ. ಥೇಟ್ ಗ್ಯಾಸ್ಕೆಟ್. ನೀವು ಪಟ್ಟಿ ಎಳೆದು ಮಾಸ್ಕನ್ನು ಮುಖಕ್ಕೆ ಅದುಮಿದರೆ ಎರಡೂ ಪದರ ಅಪ್ಪಚ್ಚಿ ಆಗಿ ಅಂಟಿಕೊಳ್ಳುತ್ತವೆ. ಮಧ್ಯೆ ಗಾಳಿಗೆ ಜಾಗ ಇಲ್ಲ, ಉಬ್ಬುವುದಿಲ್ಲ. ಮೇಲಿನ ತೆಳು ಪದರ ಎಲ್ಲೋ ಒಂದು ಕಡೆ ಸುಕ್ಕುಗಟ್ಟುತ್ತದೆ. ಆ ಸುಕ್ಕೇ ಕಾಲುವೆ. ಗಾಳಿ ಅಲ್ಲಿಂದ ಹೊರಡುತ್ತದೆ, ಸಾಮಾನ್ಯವಾಗಿ ಕಣ್ಣಿನ ಕಡೆಗೆ, ಯಾಕೆಂದರೆ ಮೂಗಿನ ಪಕ್ಕದಲ್ಲೇ ತಗ್ಗು ಇರುವುದು.

ಹಾಗಾದರೆ ಹಾಕಿಕೊಳ್ಳುವುದು ಹೇಗೆ? ಕನ್ನಡಿ ಮುಂದೆ ನಿಂತು ಹೊಂದಿಸಬೇಡಿ, ಇದು ಮೊದಲನೇ ಮಾತು. ಮಲಗಿದಾಗ ಮುಖದ ಮಾಂಸ ಸರಿಯುತ್ತದೆ, ಕೆನ್ನೆ ಕಿವಿ ಕಡೆ ಜಾರುತ್ತದೆ, ನಿಂತಾಗ ಸರಿ ಇದ್ದಿದ್ದು ಮಲಗಿದಾಗ ಸರಿ ಇರುವುದಿಲ್ಲ. ಹಾಸಿಗೆಯಲ್ಲಿ, ನಿಮ್ಮದೇ ದಿಂಬಿನ ಮೇಲೆ, ನೀವು ಮಲಗುವ ಮಗ್ಗುಲಲ್ಲೇ ಮಲಗಿ, ಮೆಷಿನ್ ಆನ್ ಮಾಡಿ. ಪಟ್ಟಿಗಳೆಲ್ಲ ಸಡಿಲ ಇರಲಿ. ಮಾಸ್ಕ್ ಹಿಡಿದು ಮುಖದಿಂದ ಒಂದು ಬೆರಳಷ್ಟು ಎತ್ತಿ, ಕುಶನ್ ಗಾಳಿ ತುಂಬಿಕೊಂಡು ಉಬ್ಬಲಿ, ಆಮೇಲೆ ಮೆಲ್ಲಗೆ ವಾಪಸ್ ಇಡಿ. ಅರ್ಧ ಸೋರಿಕೆ ಇಲ್ಲಿಗೇ ನಿಲ್ಲುತ್ತದೆ. ಈಗ ಕೆಳಗಿನ ಪಟ್ಟಿ ಎರಡನ್ನೂ ಒಟ್ಟಿಗೆ, ಸಮ ಸಮ, ಸ್ವಲ್ಪ ಸ್ವಲ್ಪ ಎಳೆಯಿರಿ. ಒಂದು ಕಡೆ ಜಾಸ್ತಿ ಎಳೆದರೆ ಮಾಸ್ಕ್ ಸೊಟ್ಟ ಕೂರುತ್ತದೆ. ಮೇಲಿನ ಪಟ್ಟಿ ಕೊನೆಗೆ. ಸೋರುವುದು ನಿಂತ ಕೂಡಲೇ ಕೈ ತೆಗೆಯಿರಿ. "ಇನ್ನೊಂದು ಚೂರು ಇರಲಿ" ಅಂತ ಎಳೆಯುತ್ತೀರಲ್ಲ, ಆ ಚೂರೇ ಮೂಗಿನ ಮೇಲಿನ ಗಾಯ. ಪಟ್ಟಿ ಮತ್ತು ಕೆನ್ನೆ ಮಧ್ಯೆ ಎರಡು ಬೆರಳು ಆರಾಮಾಗಿ ಹೋಗಬೇಕು.

ಮೇಲಿನ ಪಟ್ಟಿ ಬಗ್ಗೆ ಇನ್ನೊಂದು ಮಾತು. ಕಣ್ಣಿಗೆ ಗಾಳಿ ಬಂದರೆ ಎಲ್ಲರೂ ಮೊದಲು ಎಳೆಯುವುದು ಅದನ್ನೇ. ಬಹಳ ಸಲ ತಪ್ಪು ಇರುವುದು ಕೆಳಗೆ. ಕೆಳಗಿನ ಪಟ್ಟಿ ಸಡಿಲ ಇದ್ದು ಮೇಲಿನದು ಬಿಗಿ ಇದ್ದರೆ ಮಾಸ್ಕ್ ಪೂರ್ತಿ ಮೂಗಿನ ಏರು ಹತ್ತಿಕೊಂಡು ಮೇಲೆ ಹೋಗುತ್ತದೆ. ಮೇಲಿನದನ್ನು ಬಿಟ್ಟು ಕೆಳಗಿನದನ್ನು ಹೊಂದಿಸಿ ನೋಡಿ. ನನಗಂತೂ ಆ ರಾತ್ರಿ ಮೇಲಿನ ಪಟ್ಟಿ ಎರಡು ಅಂಗುಲ ಬಿಟ್ಟ ಮೇಲೆ ಸುಯ್ ಅನ್ನುವುದು ನಿಂತಿತು. ನಂಬಿಕೆ ಬರದೆ ಹತ್ತು ನಿಮಿಷ ಹಾಗೇ ಸೂರು ನೋಡುತ್ತಾ ಮಲಗಿದ್ದೆ.

ಒಂದು ಸೋರಿಕೆ ಮಾತ್ರ ಬೇಕೇ ಬೇಕು. ಮಾಸ್ಕಿನ ಮುಂದೆ, ಇಲ್ಲ ಪೈಪ್ ಸೇರುವ ಕಡೆ, ಸೂಜಿಮೊನೆಯಂಥ ತೂತುಗಳು ಇರುತ್ತವೆ, ಅಲ್ಲಿಂದ ಯಾವಾಗಲೂ ಸಣ್ಣಗೆ ಗಾಳಿ ಬರುತ್ತಾ ಇರುತ್ತದೆ. ನಮ್ಮ ಭಾವಮೈದ ಬಂದಿದ್ದಾಗ ಅದನ್ನು ನೋಡಿ, "ಭಾವ, ಲೀಕ್ ಇಲ್ಲೇ ಐತಲ್ಲ" ಅಂತ ಸೆಲ್ಲೋಟೇಪ್ ಹಚ್ಚಲು ಹೊರಟಿದ್ದ. ಪುಣ್ಯಕ್ಕೆ ಟೇಪ್ ಸಿಗಲಿಲ್ಲ. ನೀವು ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುವ ದಾರಿ ಅದೊಂದೇ. ಮುಚ್ಚಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತೀರಿ. ಕುಕ್ಕರಿನ ವೆಯ್ಟ್ ಹಾಕುವ ತೂತಿಗೆ ಯಾರಾದರೂ ಎಂಸೀಲ್ ತುಂಬುತ್ತಾರಾ? ಅದೇ ಇದು. ಆ ತೂತು ನಿಮ್ಮ ಹೆಂಡತಿಯ ಮುಖದ ಕಡೆ ತಿರುಗಿದ್ದರೆ ಅವರಿಗೆ ರಾತ್ರಿಯಿಡೀ ತಂಗಾಳಿ. ಮಗ್ಗುಲು ಬದಲಿಸಿ, ಇಲ್ಲವೇ ಮಧ್ಯೆ ಒಂದು ದಿಂಬು ಇಡಿ. ತೂತು ಮುಚ್ಚಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಸೋರಿದರೆ, ಸೈಜೇ ತಪ್ಪಿರಬಹುದು, ಇಲ್ಲ ಮಾಸ್ಕಿನ ಜಾತಿಯೇ ನಿಮಗೆ ಹೊಂದದೇ ಇರಬಹುದು. ನನಗೆ ಮಾರಿದವರು ಮುಖ ನೋಡಿ, "ನಿಮ್ದು ದೊಡ್ಡ ಮುಖ, ಲಾರ್ಜ್ ತಗೊಳ್ರಿ" ಅಂದಿದ್ದರು. ಲಾರ್ಜ್ ಮೀಡಿಯಂ ಗೊತ್ತಾಗುವುದು ಮುಖದ ಗಾತ್ರದಿಂದ ಅಲ್ಲ. ಮೂಗಿನ ಅಗಲ, ಮೂಗಿನ ದಿಂಡಿನಿಂದ ಕೆಳದುಟಿಯ ಕೆಳಗಿನ ತಗ್ಗಿನವರೆಗಿನ ಉದ್ದ, ಇವೇ ಲೆಕ್ಕಕ್ಕೆ ಬರುವುದು. ಕಂಪನಿಯವರು ಅಳತೆಯ ಪಟ್ಟಿ ಕೊಡುತ್ತಾರೆ, ಕೇಳಿ ತರಿಸಿಕೊಳ್ಳಿ. ದೊಡ್ಡದು ತಗೊಂಡರೆ ಅಂಚು ಕಣ್ಣಿನ ಹತ್ತಿರ ಹೋಗಿ ಸೋರುತ್ತದೆ, ಆಗ ಬಿಗಿ ಮಾಡುತ್ತೀರಿ, ಮುಂದಿನ ಕಥೆ ಗೊತ್ತಲ್ಲ. ಹಲ್ಲಿನ ಸೆಟ್ ಇರುವವರು ರಾತ್ರಿ ತೆಗೆದು ಮಲಗುವುದಾದರೆ ತೆಗೆದೇ ಅಳತೆ ಕೊಡಿ, ಸೆಟ್ ತೆಗೆದರೆ ಬಾಯಿಯ ಆಕಾರವೇ ಬೇರೆ.

ಜಾತಿ ಮೂರು. ಮೂಗು ಬಾಯಿ ಎರಡೂ ಮುಚ್ಚುವ ಫುಲ್ ಫೇಸ್, ಮೂಗಿಗೆ ಮಾತ್ರ ಇರುವ ನೇಸಲ್ ಮಾಸ್ಕ್, ಮೂಗಿನ ಹೊಳ್ಳೆಗೆ ಮಾತ್ರ ಕೂರುವ ನೇಸಲ್ ಪಿಲ್ಲೋ. ನಮ್ಮ ಕಡೆ ಬಹಳ ಜನಕ್ಕೆ ಮೊದಲೇ ಫುಲ್ ಫೇಸ್ ಕೊಟ್ಟು ಕಳಿಸುತ್ತಾರೆ, ಬಾಯಿ ತೆಗೆದು ಮಲಗಿದರೂ ನಡೆಯುತ್ತದೆ ಅಂತ. ನನ್ನ ಅಭಿಪ್ರಾಯ ಕೇಳಿದರೆ, ಮೂಗು ಸರಿಯಾಗಿ ಉಸಿರಾಡುತ್ತಿದ್ದರೆ ಡಾಕ್ಟರ ಹತ್ತಿರ ಮೊದಲು ಮೂಗಿನ ಮಾಸ್ಕ್ ಬಗ್ಗೆ ಕೇಳಿ. ಅಂಚು ಕಡಿಮೆ, ಸೋರುವ ಜಾಗ ಕಡಿಮೆ. ಫುಲ್ ಫೇಸ್ ಹಾಕಿದವರಿಗೆ ಸಾಮಾನ್ಯವಾಗಿ ಒತ್ತಡವೂ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ದವಡೆಯನ್ನು ಹಿಂದಕ್ಕೆ ಒತ್ತುವುದು ಅದಕ್ಕೆ ಒಂದು ಕಾರಣ. ದಪ್ಪ ಮೀಸೆ ಇರುವವರಿಗೆ ಪಿಲ್ಲೋ ವಾಸಿ, ಮೀಸೆ ಮೇಲೆ ಸಿಲಿಕಾನ್ ಕೂರುವುದಿಲ್ಲ. ಗಡ್ಡ ಬಿಟ್ಟವರಿಗೂ ಅಷ್ಟೇ. ಮೀಸೆ ತೆಗೆಯಿರಿ ಅಂತ ನಾನು ಯಾರಿಗೂ ಹೇಳಲ್ಲ, ನನ್ನದನ್ನೇ ತೆಗೆದಿಲ್ಲ. ಇನ್ನೊಂದು ಎಚ್ಚರ: ಕೆಲವು ಮಾಸ್ಕಿನ ಕ್ಲಿಪ್‌ನಲ್ಲಿ ಮ್ಯಾಗ್ನೆಟ್ ಇರುತ್ತದೆ. ಹಾಕುವವರಿಗೆ ಆಗಲಿ, ಪಕ್ಕದಲ್ಲಿ ಮಲಗುವವರಿಗೆ ಆಗಲಿ ಪೇಸ್‌ಮೇಕರ್ ಇದ್ದರೆ ಅಂಥದ್ದು ಬೇಡ. ತಗೊಳ್ಳುವ ಮುಂಚೆ ಬಾಯಿಬಿಟ್ಟು ಕೇಳಿ.

ಬಾಯಿ ಒಣಗುವುದು ಇನ್ನೊಂದು ದೊಡ್ಡ ದೂರು. ಬೆಳಗ್ಗೆ ನಾಲಿಗೆ ಒಣರೊಟ್ಟಿ ತುಂಡಿನ ಹಾಗೆ ಅಂಗುಳಿಗೆ ಅಂಟಿರುತ್ತದೆ. ಮೂಗಿನಿಂದ ಹೋದ ಗಾಳಿ ಗಂಟಲ ಹಿಂದೆ ತಿರುಗಿ ಬಾಯಿಯಿಂದ ಹೊರಗೆ ಬರುತ್ತಿದೆ ಅಂತ ಅರ್ಥ. ಬಾಯಿ ತೆಗೆಯುವುದು ಯಾಕೆ? ಬಹಳ ಸಲ ಮೂಗು ಕಟ್ಟಿರುವುದಕ್ಕೆ. ಮೂಗು ಕಟ್ಟಿದ್ದು ಯಾಕೆ? ಒಣಗಿದ್ದಕ್ಕೆ. ಇದೊಂದು ಗಾಣದ ಎತ್ತಿನ ಸುತ್ತು. ರಾತ್ರಿಯಿಡೀ ಒಣಗಾಳಿ ಹೊಡೆದರೆ ಮೂಗಿನ ಒಳಪದರ ತನ್ನನ್ನು ಕಾಪಾಡಿಕೊಳ್ಳಲು ಊದಿಕೊಳ್ಳುತ್ತದೆ. ಊದಿದರೆ ದಾರಿ ಇಕ್ಕಟ್ಟು. ಇಕ್ಕಟ್ಟಾದರೆ ಬಾಯಿ ತೆಗೆಯುತ್ತೀರಿ. ಬಾಯಿ ತೆಗೆದರೆ ಗಾಳಿ ಮೂಗಿನಿಂದ ಒಳಗೆ ಬಂದು ಬಾಯಿಂದ ಆಚೆ ಹೋಗುತ್ತಾ ಒಂದೇ ದಿಕ್ಕಿಗೆ ಹರಿಯುತ್ತದೆ, ಮೂಗು ಇನ್ನೂ ಒಣಗುತ್ತದೆ. ಗದ್ದಕ್ಕೆ ಪಟ್ಟಿ ಕಟ್ಟುವುದು ಕೆಲವರಿಗೆ ಕೆಲಸ ಮಾಡುತ್ತದೆ. ಬಾಯಿಗೆ ಟೇಪ್ ಹಚ್ಚುವ ವಿಡಿಯೊ ನೋಡಿ ಶುರು ಮಾಡಬೇಡಿ, ಮೂಗು ಕಟ್ಟಿದ ರಾತ್ರಿ, ವಾಂತಿ ಬಂದ ರಾತ್ರಿ ಏನು ಗತಿ? ಸುತ್ತು ಮುರಿಯಬೇಕಾದ್ದು ಮೂಗಿನಲ್ಲಿ. ಮಲಗುವ ಮುಂಚೆ ಉಪ್ಪುನೀರಿನ ಸ್ಪ್ರೇ, ಮೆಷಿನ್‌ನ ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಸೇರಿಸುವ ನೀರಿನ ಡಬ್ಬಿ, ಅದರ ಸೆಟ್ಟಿಂಗ್ ಒಂದು ಮೆಟ್ಟಿಲು ಜಾಸ್ತಿ. ಮಂಡಕ್ಕಿ ಭಟ್ಟಿ ಕಡೆ, ರೈಸ್ ಮಿಲ್ ಪಕ್ಕ ಮನೆ ಇರುವವರು ಮೆಷಿನ್ ಹಿಂದಿನ ಫಿಲ್ಟರ್ ತೆಗೆದು ನೋಡಿ, ಬೂದಿ ಬಣ್ಣ ಬಂದಿದ್ದರೆ ಬದಲಿಸಿ. ಇಷ್ಟಕ್ಕೂ ಮೂಗು ಬಿಡದಿದ್ದರೆ ಮೂಗಿನ ಒಳಗಿನ ಗೋಡೆ ಸೊಟ್ಟ ಇರಬಹುದು, ಅಲರ್ಜಿ ಇರಬಹುದು, ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಹ್ಯುಮಿಡಿಫೈಯರ್‌ಗೆ ಬೋರ್ ನೀರು ಹಾಕಬೇಡಿ. ನಮ್ಮ ಊರಿನ ಬೋರ್ ನೀರು ಏನು ಅಂತ ನನ್ನ ಅಂಗಡಿಗೆ ಬರುವ ಕುಕ್ಕರ್ ತಳ ನೋಡಿದರೆ ಗೊತ್ತಾಗುತ್ತದೆ, ಸುಣ್ಣ ಬಳಿದ ಹಾಗೆ ಬಿಳಿ ಪದರ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಕರಗಿದ ಉಪ್ಪೆಲ್ಲ ಹೋಗುವುದಿಲ್ಲ. ಡಿಸ್ಟಿಲ್ಡ್ ವಾಟರ್ ಬೇಕು. ದಿನಾ ಬೆಳಗ್ಗೆ ಉಳಿದ ನೀರು ಚೆಲ್ಲಿ, ಡಬ್ಬಿ ಒಣಗಿಸಿ, ರಾತ್ರಿ ಹೊಸದು. ನೀರು ತುಂಬಿದ ಮೆಷಿನ್ ಎತ್ತಿಕೊಂಡು ಓಡಾಡಬೇಡಿ, ನೀರು ಮೋಟರ್ ಕಡೆ ಹೋದರೆ ಆಮೇಲೆ ನನ್ನಂಥವನ ಕೈಯಲ್ಲೂ ರಿಪೇರಿ ಆಗುವುದಿಲ್ಲ. ಡಿಸೆಂಬರ್ ಜನವರಿ ಚಳಿಯಲ್ಲಿ ಇನ್ನೊಂದು ತಮಾಷೆ ಆಗುತ್ತದೆ. ಬೆಚ್ಚನೆ ತೇವದ ಗಾಳಿ ತಣ್ಣಗಿನ ಪೈಪಿನಲ್ಲಿ ಹಾದು ಬರುವಾಗ ನೀರಾಗಿ ಕೂರುತ್ತದೆ, ಅನ್ನದ ತಪ್ಪಲೆ ಮುಚ್ಚಳದ ಹನಿ ಇದ್ದ ಹಾಗೆ. ಗುಳು ಗುಳು ಸದ್ದು, ಆಮೇಲೆ ಮೂಗಿಗೇ ಒಂದು ಹನಿ. ಮೆಷಿನ್ ಹಾಸಿಗೆಗಿಂತ ಕೆಳಗೆ ಇಡಿ, ನೀರು ವಾಪಸ್ ಇಳಿಯುತ್ತದೆ. ಪೈಪಿಗೆ ಬಟ್ಟೆ ಸುತ್ತಿ. ನನ್ನ ಹೆಂಡತಿ ಹಳೇ ಕಾಟನ್ ಸೀರೆಯ ಅಂಚಿನಿಂದ ಒಂದು ಚೀಲ ಹೊಲಿದು ಕೊಟ್ಟಿದ್ದಾಳೆ, ಅಂಗಡಿಯಲ್ಲಿ ಸಿಗುವುದಕ್ಕಿಂತ ಚೆನ್ನಾಗಿದೆ.

ಪೈಪ್ ಮಾತು ಬಂತಲ್ಲ, ಅದು ಎಳೆಯುವುದರಿಂದಲೂ ಮಾಸ್ಕ್ ಜರುಗುತ್ತದೆ. ನೀವು ಮಗ್ಗುಲು ಬದಲಿಸುತ್ತೀರಿ, ಪೈಪ್ ಎಲ್ಲೋ ಸಿಕ್ಕಿಕೊಂಡು ಮಾಸ್ಕನ್ನು ಒಂದು ಕಡೆ ಜಗ್ಗುತ್ತದೆ. ನಾನು ಸೊಳ್ಳೆ ಪರದೆ ಕಟ್ಟುವ ಹಗ್ಗಕ್ಕೆ ತಲೆಯ ಮೇಲೆ ಒಂದು ಬಟ್ಟೆಯ ಕುಣಿಕೆ ಹಾಕಿ ಅದರೊಳಗೆ ಪೈಪ್ ತೂರಿಸಿದ್ದೇನೆ. ಎಷ್ಟು ಹೊರಳಿದರೂ ಪೈಪ್ ಮೇಲಿನಿಂದಲೇ ಬರುತ್ತದೆ.

ಕೆಲವರಿಗೆ ಸೋರಿಕೆ ಇರುವುದೇ ಇಲ್ಲ, ಭಯ ಇರುತ್ತದೆ. ಹರಿಹರದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಮೆಷಿನ್ ಬಂದು ಎರಡು ತಿಂಗಳಾದರೂ ಡಬ್ಬಿಯಲ್ಲೇ ಇತ್ತು. "ಯಾರೋ ಬಾಯಿ ಮೂಗು ಅಮುಕಿ ಹಿಡ್ದಂಗೆ ಆಗ್ತೈತಿ ಕಣಪ್ಪ, ನಂಗೆ ಬ್ಯಾಡ" ಅಂದರು. ಬೈದು ಹಾಕಿಸಿದರೆ ಆಗುವ ಕೆಲಸ ಅಲ್ಲ ಇದು. ಸಂಜೆ ಧಾರಾವಾಹಿ ಹೊತ್ತಿಗೆ ಹೋಗಿ ಕೂತೆ. ಪಟ್ಟಿ ಪೂರ್ತಿ ಬಿಚ್ಚಿ ಮಾಸ್ಕ್ ಮಾತ್ರ ಅವರ ಕೈಗೆ ಕೊಟ್ಟು, "ದೊಡ್ಡಮ್ಮ, ನೀವೇ ಹಿಡ್ಕೊಳ್ರಿ, ಸಾಕಾದ್ರೆ ನೀವೇ ತೆಗೀರಿ" ಅಂದೆ. ಗಾಳಿ ಬಿಟ್ಟು, ಕಡಿಮೆ ಒತ್ತಡದಲ್ಲಿ. ಮೊದಲ ದಿನ ಅರ್ಧ ನಿಮಿಷ. ಜಾಹೀರಾತು ಬಂದಾಗ ಹಿಡಿಯುವುದು, ಕಥೆ ಶುರುವಾದಾಗ ತೆಗೆಯುವುದು. ನಾಲ್ಕನೇ ದಿನ ಕಥೆ ನಡೆಯುತ್ತಿದ್ದರೂ ಮಾಸ್ಕ್ ಮುಖದ ಮೇಲೇ ಇತ್ತು, ಅವರಿಗೇ ಮರೆತುಹೋಗಿತ್ತು. ಆಮೇಲೆ ಪಟ್ಟಿ, ಆಮೇಲೆ ಮಧ್ಯಾಹ್ನದ ಜೋಂಪಿಗೆ, ಹದಿನೈದು ದಿನ ಬಿಟ್ಟು ರಾತ್ರಿಗೆ. ಕಳಚುವ ಕ್ಲಿಪ್ ಎಲ್ಲಿದೆ ಅಂತ ಕಣ್ಣುಮುಚ್ಚಿ ಹುಡುಕುವುದನ್ನು ಹತ್ತು ಸಲ ಮಾಡಿಸಿದೆ. ಒಂದೇ ಕ್ಷಣದಲ್ಲಿ ಕಳಚಬಹುದು ಅಂತ ಕೈಗೆ ಗೊತ್ತಾದರೆ ಮನಸ್ಸು ಸುಮ್ಮನಾಗುತ್ತದೆ.

ಉಸಿರು ಬಿಡಲು ಕಷ್ಟ ಅನ್ನುವವರಿಗೆ ಮೆಷಿನ್‌ನಲ್ಲೇ ಎರಡು ಸೌಕರ್ಯ ಇದೆ. ರ‍್ಯಾಂಪ್ ಅಂದರೆ ಕಡಿಮೆ ಒತ್ತಡದಿಂದ ಶುರುವಾಗಿ ನಿಧಾನಕ್ಕೆ ಏರುವುದು, ಅಷ್ಟರಲ್ಲಿ ನಿಮಗೆ ನಿದ್ದೆ ಹತ್ತಿರುತ್ತದೆ. ಇನ್ನೊಂದು, ಉಸಿರು ಬಿಡುವಾಗ ಮಾತ್ರ ಒತ್ತಡವನ್ನು 1ರಿಂದ 3 ಸೆಂಟಿಮೀಟರ್ ಇಳಿಸುವುದು. ಒಂದು ವಿಚಿತ್ರ ಏನೆಂದರೆ, ರ‍್ಯಾಂಪ್ 4ರಿಂದ ಶುರುವಾದರೆ ಕೆಲವರಿಗೆ, ಅದರಲ್ಲೂ ಮೈಕೈ ತುಂಬಿಕೊಂಡವರಿಗೆ, ಗಾಳಿ ಸಾಲದೆ ಉಸಿರು ಕಟ್ಟಿದ ಹಾಗೇ ಆಗುತ್ತದೆ. ಅವರು ಒತ್ತಡ ಜಾಸ್ತಿ ಆಯಿತು ಅಂದುಕೊಂಡಿರುತ್ತಾರೆ, ಅಸಲಿಗೆ ಕಡಿಮೆ ಆಗಿರುತ್ತದೆ. ಶುರುವನ್ನು 6ಕ್ಕೋ 7ಕ್ಕೋ ಏರಿಸಿದರೆ ಸರಿಹೋಗುತ್ತದೆ, ಡಾಕ್ಟರ ಹತ್ತಿರ ಕೇಳಿ. ಚಿಕಿತ್ಸೆಯ ಒತ್ತಡವನ್ನು ಮಾತ್ರ ಸ್ವಂತ ಬುದ್ಧಿಯಿಂದ ಮುಟ್ಟಬೇಡಿ. ಬೆಳಗ್ಗೆ ಹೊಟ್ಟೆ ಉಬ್ಬರ, ತೇಗು ಮೇಲೆ ತೇಗು ಬಂದರೆ ಗಾಳಿ ನುಂಗುತ್ತಿದ್ದೀರಿ ಅಂತ ಅರ್ಥ, ಅದನ್ನೂ ಹೇಳಿ. ರಾತ್ರಿ ಹತ್ತಕ್ಕೆ ಮಂಡಕ್ಕಿ ಮೆಣಸಿನಕಾಯಿ ಹೊಡೆದು ಮಲಗುವ ನಮ್ಮೂರಿನ ಅಭ್ಯಾಸವನ್ನು ಡಾಕ್ಟರ ಮುಂದೆ ಮುಚ್ಚಿಡಬೇಡಿ.

ಚರ್ಮದ ವಿಷಯ. ಬೆಳಗ್ಗೆ ತೆಗೆದಾಗ ಕೆಂಪಗಿದ್ದು ಅರ್ಧ ಗಂಟೆಯಲ್ಲಿ ಹೋದರೆ ಯೋಚನೆ ಬೇಡ. ಮಧ್ಯಾಹ್ನದವರೆಗೂ ಇದ್ದರೆ ಬಿಗಿ ಜಾಸ್ತಿ. ಸಿಪ್ಪೆ ಸುಲಿದರೆ, ಗಾಯ ಆದರೆ ಡಾಕ್ಟರಿಗೆ ತೋರಿಸಿ ಮಾಸ್ಕ್ ಬದಲಿಸಿ, ಅದೇ ಜಾಗದ ಮೇಲೆ ಮತ್ತೆ ಅದೇ ಮಾಸ್ಕ್ ಹಾಕಿ ಸಹಿಸಬೇಡಿ. ವ್ಯಾಸಲೀನ್ ಹಚ್ಚಬೇಡಿ, ಸಿಲಿಕಾನ್ ಹಾಳಾಗುತ್ತದೆ, ಜಾರುತ್ತದೆ ಕೂಡ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುವುದು ನಮ್ಮಲ್ಲಿ ರೂಢಿ, ಅದು ಹಣೆಗೆ ಇಳಿದು ಕುಶನ್‌ಗೆ ತಾಗಿ ರಾತ್ರಿ ಮೂರಕ್ಕೆ ಮಾಸ್ಕ್ ಜಾರುತ್ತದೆ. ಎಣ್ಣೆಯನ್ನು ಬೆಳಗ್ಗೆಗೆ ಇಟ್ಟುಕೊಳ್ಳಿ. ಮಲಗುವ ಮುಂಚೆ ಮುಖ ತೊಳೆದು ಒರೆಸಿಕೊಳ್ಳಿ, ಬೆಳಗ್ಗೆ ಕುಶನ್ ತೊಳೆಯಿರಿ, ಮಗುವಿಗೆ ಹಾಕುವಂಥ ಮೆತ್ತನೆ ಸೋಪು ಉಗುರುಬೆಚ್ಚನೆ ನೀರು ಸಾಕು. ಸ್ಪಿರಿಟ್, ಬ್ಲೀಚ್ ಬೇಡ, ತಾರಸಿ ಮೇಲೆ ಬಿಸಿಲಿಗೆ ಒಣಗಿಸುವುದೂ ಬೇಡ.

ಕರೆಂಟ್ ಹೋದರೆ ಉಸಿರು ಕಟ್ಟುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಫುಲ್ ಫೇಸ್ ಮಾಸ್ಕಿನಲ್ಲಿ ಒಂದು ಸಣ್ಣ ರೆಕ್ಕೆಯಂಥ ವಾಲ್ವ್ ಇರುತ್ತದೆ, ಗಾಳಿ ನಿಂತ ಕೂಡಲೇ ಅದು ಹೊರಗಿನ ಗಾಳಿಗೆ ಬಾಗಿಲು ತೆಗೆಯುತ್ತದೆ. ಮೂಗಿನ ಮಾಸ್ಕ್ ಆದರೆ ಬಾಯಿ ಇದೆಯಲ್ಲ. ಆದರೆ ಹಾಗೇ ಹಾಕಿಕೊಂಡು ಮಲಗಬೇಡಿ, ಎಚ್ಚರ ಆದಾಗ ತೆಗೆಯಿರಿ. ಇನ್ವರ್ಟರ್ ಇದ್ದರೆ ಮೆಷಿನ್‌ನ ಪಾಯಿಂಟನ್ನು ಅದಕ್ಕೆ ಕೊಡಿಸಿ. ಮೋಟರ್ ತಿನ್ನುವ ಕರೆಂಟ್ ಕಡಿಮೆ, ಜಾಸ್ತಿ ತಿನ್ನುವುದು ನೀರು ಬಿಸಿ ಮಾಡುವ ಪ್ಲೇಟ್. ಬೇಸಿಗೆಯಲ್ಲಿ ಬೆಸ್ಕಾಂನವರು ಕೈಕೊಟ್ಟ ರಾತ್ರಿ ಹ್ಯುಮಿಡಿಫೈಯರ್ ಆಫ್ ಮಾಡಿದರೆ ಬ್ಯಾಟರಿ ಬೆಳಗಿನವರೆಗೆ ಬರಬಹುದು.

ಬೆಳಗ್ಗೆ ಎದ್ದ ಮೇಲೆ ಮೆಷಿನ್ ಪರದೆ ಒಂದು ಸಲ ನೋಡಿ. ಎಷ್ಟು ಗಂಟೆ ಹಾಕಿದ್ದಿರಿ, ಎಷ್ಟು ಸೋರಿತು, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು, ಮೂರೂ ಬಹಳಷ್ಟು ಮೆಷಿನ್‌ಗಳಲ್ಲಿ ಇರುತ್ತದೆ. ಮುಂಚೆ ಸರಿ ಇದ್ದ ಸೋರಿಕೆಯ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ನಿಮ್ಮ ಮುಖ ಬದಲಾಗಿಲ್ಲ, ಕುಶನ್ ಹಳೆಯದಾಗಿದೆ. ಬೆರಳಲ್ಲಿ ಒತ್ತಿ ನೋಡಿ, ಹೊಸದರಲ್ಲಿ ಇದ್ದ ಮೆತ್ತಗೆ ಇರುವುದಿಲ್ಲ, ಬಣ್ಣ ಹಳದಿಗೆ ತಿರುಗಿರುತ್ತದೆ, ಅಂಚು ಎಲ್ಲೋ ಸಣ್ಣಗೆ ಹರಿದಿರುತ್ತದೆ. ಪೂರ್ತಿ ಮಾಸ್ಕ್ ಕೊಳ್ಳಬೇಕಿಲ್ಲ, ಬಹಳಷ್ಟು ಮಾಸ್ಕಿಗೆ ಕುಶನ್ ಮಾತ್ರ ಬೇರೆ ಸಿಗುತ್ತದೆ. ಪಟ್ಟಿಯ ಎಲಾಸ್ಟಿಕ್ ಸತ್ತಿದ್ದರೆ ಪಟ್ಟಿಯೂ ಬೇರೆ ಸಿಗುತ್ತದೆ.

ಹೋದ ವಾರ ದೊಡ್ಡಮ್ಮ ಫೋನ್ ಮಾಡಿದ್ದರು. ಎರಡು ದಿನದಿಂದ ಸುಯ್ ಅಂತಿದೆಯಂತೆ, ಪಟ್ಟಿ ಮುಟ್ಟಿಲ್ಲವಂತೆ, ನಾನು ಹೇಳಿದ ಹಾಗೆ ಒತ್ತಿ ನೋಡಿದರೆ ಗಟ್ಟಿ ಆಗಿದೆಯಂತೆ. "ನಿನ್ ಅಂಗ್ಡೀಲಿ ಎಲ್ಲಾ ಕಂಪನಿ ಗ್ಯಾಸ್ಕೆಟ್ ಇಟ್ಟಿರ್ತೀಯಲ್ಲಪ್ಪ, ಇದಕ್ಕೂ ಒಂದು ಕೊಟ್ಟು ಕಳ್ಸು."